ಮಾನಸಿಕ ಆರೋಗ್ಯ ಕ್ಲಿನಿಕ್ಕಿನಿಂದ ಮಕ್ಕಳು ಬಿಡುಗಡೆಯಾಗುವಾಗ: ಕಾಸರಗೋಡಿನ ಮನೆಯವರಿಗೊಂದು ಮಾರ್ಗದರ್ಶಿ

ಪರೀಕ್ಷೆಯ ತಿಂಗಳು ಹತ್ತಿರವಾಗುತ್ತಿದ್ದಂತೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. ಮಗಳು ಎರಡು ವರ್ಷದಿಂದ ಮದ್ದು ತೆಗೆದುಕೊಳ್ಳುತ್ತಿದ್ದಾಳೆ, ಈಗ ಸರಿಯಾಗಿಯೇ ಇದ್ದಾಳೆ, ಪ್ಲಸ್ ಟು ಮುಗಿದ ಮೇಲೂ ಕ್ಲಿನಿಕ್ಕಿಗೆ ಹೋಗುತ್ತಿರಬೇಕೇ? ಮಗ ಮಂಗಳೂರಿನ ಕಾಲೇಜಿಗೆ ಸೇರುತ್ತಾನೆ, ಇಲ್ಲಿನ ಚೀಟಿ ಅಲ್ಲಿ ನಡೆಯುತ್ತದೆಯೇ? ಹದಿನೆಂಟು ತುಂಬಿದ ಮೇಲೆ ಡಾಕ್ಟರು ಹೆತ್ತವರೊಡನೆ ಮಾತನಾಡುವುದಿಲ್ಲ ಎನ್ನುತ್ತಾರೆ, ಹೌದೇ? ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆಯುವುದು ಮೇಲೆಂದು ತೋರಿತು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ನಾನು ಕಂಡಂತೆ ನಮ್ಮ ಊರುಗಳಲ್ಲಿ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಬರುವ ಯುವಜನರು ‘ಬಿಡುಗಡೆ’ಯಾಗುವುದು ಕಡಿಮೆ, ಅವರು ಬರುವುದನ್ನು ನಿಲ್ಲಿಸುತ್ತಾರೆ, ಅಷ್ಟೇ. ಒಂದು ತಿಂಗಳು ಪರೀಕ್ಷೆ, ಮುಂದಿನ ತಿಂಗಳು ನೆಂಟರ ಮನೆಯ ಮದುವೆ, ಅದರಾಚೆಗೆ ಮಳೆ, ಅಷ್ಟರೊಳಗೆ ಮನೆಯಲ್ಲಿದ್ದ ಮದ್ದೂ ಮುಗಿದಿರುತ್ತದೆ, ಕ್ಲಿನಿಕ್ಕಿನ ಪುಸ್ತಕದಲ್ಲಿ ಹೆಸರು ಮಾತ್ರ ಉಳಿದಿರುತ್ತದೆ. ಹೀಗೆ ತಾನಾಗಿ ತಪ್ಪಿಹೋಗುವುದಕ್ಕೂ ಬಿಡುಗಡೆಗೂ ಬಹಳ ವ್ಯತ್ಯಾಸವಿದೆ. ಬಿಡುಗಡೆ ಎಂದರೆ ವೈದ್ಯರು, ಯುವಕ ಅಥವಾ ಯುವತಿ, ಮನೆಯವರು ಮೂವರೂ ಕುಳಿತು, ಒಂದು ದಿನಾಂಕ ಹಾಕಿ, ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಹೆಸರು ಸಮೇತ ಕಾಗದದಲ್ಲಿ ಬರೆದುಕೊಳ್ಳುವುದು. ಈ ಲೇಖನದಲ್ಲಿರುವುದೆಲ್ಲ ಆ ಕಾಗದವನ್ನು ಸಂಪಾದಿಸುವ ದಾರಿ.

ಬಿಡುಗಡೆಯಲ್ಲಿ ಮೂರು ಬಗೆಗಳಿವೆ. ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ. ರೋಗ ವಾಸಿಯಾಗಿ, ಮದ್ದೂ ನಿಂತು, ಇನ್ನು ಬರಬೇಕಾಗಿಲ್ಲ ಎನ್ನುವುದು ಒಂದು. ಚಿಕಿತ್ಸೆ ಮುಂದುವರಿಯುತ್ತದೆ, ಆದರೆ ಊರು ಅಥವಾ ವೈದ್ಯರು ಬದಲಾಗುತ್ತಾರೆ ಎನ್ನುವುದು ಎರಡನೆಯದು. ಇದು ನಿಜವಾಗಿ ಹಸ್ತಾಂತರ, ಆದರೂ ಜನ ಇದನ್ನೂ ಬಿಡುಗಡೆ ಎಂದೇ ಕರೆಯುತ್ತಾರೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದ್ದು ಮನೆಗೆ ಮರಳುವುದು ಮೂರನೆಯದು. ನಮ್ಮ ಓದುಗರಲ್ಲಿ ಹೆಚ್ಚಿನವರು ಎರಡನೆಯ ಬಗೆಯವರಾಗಿದ್ದು, ತಾವು ಮೊದಲನೆಯ ಬಗೆಯವರೆಂದು ತಿಳಿದುಕೊಂಡಿರುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಬೇಕಾಗುವ ವಸ್ತುಗಳು

ಹಳೆಯ ಒಪಿ ಚೀಟಿಗಳೆಲ್ಲವೂ, ಈಗ ನಡೆಯುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು, ಮಾಡಿಸಿದ ರಕ್ತಪರೀಕ್ಷೆಗಳ ವರದಿ, ಆಧಾರ್ ಕಾರ್ಡು, ಅಂಗವೈಕಲ್ಯದ ಗುರುತುಚೀಟಿ ಇದ್ದರೆ ಅದು, ಒಂದು ನೂರು ಪುಟದ ನೋಟುಪುಸ್ತಕ. ಚೀಟಿಗಳು ಹರಿದಿದ್ದರೂ ಬಿಸಾಡಬೇಡಿ. ಹೊಸ ವೈದ್ಯರಿಗೆ ಈಗಿನ ಮದ್ದಿಗಿಂತಲೂ ಹಿಂದೆ ಕೊಟ್ಟು ಒಗ್ಗದೆ ಹೋದ ಮದ್ದು ಯಾವುದೆಂಬ ಮಾಹಿತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ; ಅದು ಸಿಗುವುದು ಹಳೆಯ ಚೀಟಿಯಲ್ಲೇ.

ಹಂತ 1: ಸಮಯ ಬಂದಿದೆಯೇ ಎಂದು ಕೇಳುವುದು

ನಮ್ಮ ಊರಿನ ಈ ಕ್ಲಿನಿಕ್ಕುಗಳನ್ನು ನಡೆಸುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದರೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್‌ಗಳು ಇರುವ ಒಂದು ತಂಡ. ಅದು ಗೊತ್ತಾದ ದಿನಗಳಲ್ಲಿ ತಾಲೂಕು ಆಸ್ಪತ್ರೆ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬಂದು ರೋಗಿಗಳನ್ನು ನೋಡಿ ಉಚಿತವಾಗಿ ಮದ್ದು ಕೊಡುತ್ತದೆ. ಕ್ಲಿನಿಕ್ಕಿನ ದಿನ ಜನಸಂದಣಿ ಇರುವುದರಿಂದ, ಸರದಿ ಬಂದಾಗ ‘ಹೇಗಿದ್ದೀರಿ, ನಿದ್ದೆ ಬರುತ್ತದೆಯೇ, ಅದೇ ಮದ್ದು ಮುಂದುವರಿಸಿ’ ಎಂಬಲ್ಲಿಗೆ ಮಾತು ಮುಗಿಯುವುದುಂಟು. ಬಿಡುಗಡೆಯ ಮಾತನ್ನು ಈ ಐದು ನಿಮಿಷದಲ್ಲಿ ಎತ್ತಬೇಡಿ. ಹಿಂದಿನ ತಿಂಗಳೇ ತಂಡದ ಸಮಾಜ ಕಾರ್ಯಕರ್ತರಲ್ಲಿ ‘ಮುಂದಿನ ಸಲ ಬಿಡುಗಡೆಯ ವಿಷಯ ಮಾತನಾಡಬೇಕು, ಕೊನೆಯ ಸರದಿ ಕೊಡಿ’ ಎಂದು ಹೇಳಿಡಿ.

ಎಷ್ಟು ಕಾಲದ ನಂತರ ಮದ್ದು ನಿಲ್ಲಿಸಬಹುದು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಆದರೂ ಅಂದಾಜಿಗೆ ಹೇಳುವುದಾದರೆ, ಮೊದಲ ಬಾರಿ ಬಂದ ಖಿನ್ನತೆಯಲ್ಲಿ ಪೂರ್ತಿ ಗುಣವಾದ ಮೇಲೂ 6ರಿಂದ 12 ತಿಂಗಳ ಕಾಲ ಮದ್ದನ್ನು ಮುಂದುವರಿಸುವುದು ರೂಢಿ. ಮೊದಲ ಬಾರಿಯ ಸೈಕೋಸಿಸ್‌ನಲ್ಲಿ, ಎಂದರೆ ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ಸಂಶಯ ಗಟ್ಟಿಯಾಗಿ ನಿಲ್ಲುವುದು ಮುಂತಾದ ಸ್ಥಿತಿಯಲ್ಲಿ, ಒಂದೆರಡು ವರ್ಷವಾದರೂ ಬೇಕಾಗುತ್ತದೆ. ಬೈಪೋಲಾರ್ ಕಾಯಿಲೆಯಲ್ಲಿ, ಎಂದರೆ ಉನ್ಮಾದವೂ ಖಿನ್ನತೆಯೂ ಬೇರೆ ಬೇರೆ ಕಾಲದಲ್ಲಿ ಬಂದುಹೋಗುವ ಸ್ಥಿತಿಯಲ್ಲಿ, ಇನ್ನೂ ದೀರ್ಘ ಕಾಲ. ಇಲ್ಲಿ ಲೆಕ್ಕ ಹಾಕಬೇಕಾದದ್ದು ಮದ್ದು ಆರಂಭಿಸಿದ ದಿನದಿಂದಲ್ಲ, ಗುಣವಾದ ದಿನದಿಂದ. ‘ಒಂದು ವರ್ಷವಾಯಿತಲ್ಲ’ ಎಂದು ಬರುವ ಮನೆಗಳಲ್ಲಿ ಬಹುಪಾಲು ತಪ್ಪುವುದು ಈ ಲೆಕ್ಕದಲ್ಲೇ.

ಕಾಲವನ್ನು ಆರಿಸುವಾಗಲೂ ವಿವೇಚನೆ ಇರಲಿ. ಎಸ್‌ಎಸ್‌ಎಲ್‌ಸಿ ಅಥವಾ ಪ್ಲಸ್ ಟು ಫಲಿತಾಂಶದ ವಾರದಲ್ಲಿ, ಹೊಸ ಕಾಲೇಜು ಶುರುವಾಗುವ ಜೂನ್-ಜುಲೈನಲ್ಲಿ, ಮನೆಯಲ್ಲಿ ಸಾವು ಅಥವಾ ಆಸ್ತಿ ಪಾಲು ನಡೆದಿರುವ ಹೊತ್ತಿನಲ್ಲಿ ಮದ್ದು ನಿಲ್ಲಿಸುವುದಾಗಲಿ ಬಿಡುಗಡೆ ಪಡೆಯುವುದಾಗಲಿ ಬೇಡ. ಮಗಳು ಹಾಸ್ಟೆಲಿಗೆ ಹೋಗುವ ಮೊದಲೇ ‘ಎಲ್ಲ ಮುಗಿಸಿಬಿಡೋಣ’ ಎಂಬ ಆತುರ ಹೆತ್ತವರಲ್ಲಿ ಸಹಜ. ಆದರೆ ಅಪರಿಚಿತ ಕೋಣೆ, ಅಪರಿಚಿತ ಊಟ, ಮುರಿದ ನಿದ್ದೆಗಳ ನಡುವೆ ಮದ್ದನ್ನೂ ನಿಲ್ಲಿಸಿದರೆ ಯಾವುದರಿಂದ ಏನಾಯಿತೆಂದು ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ. ಹೊಸ ಜಾಗದಲ್ಲಿ ಒಂದು ಸೆಮಿಸ್ಟರ್ ಕಳೆದ ಮೇಲೆ ಆ ಮಾತನ್ನು ಎತ್ತುವುದು ಒಳಿತು.

ಹಂತ 2: ಹದಿನೆಂಟರ ಗೆರೆ

ಬ್ರಿಟನ್ನಿನಂಥ ದೇಶಗಳಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಯೇ ಬೇರೆ, ದೊಡ್ಡವರದೇ ಬೇರೆ. ಹದಿನೆಂಟು ತುಂಬುತ್ತಿದ್ದಂತೆ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆಯುವ ಮೊದಲೇ ಮಕ್ಕಳು ನಡುದಾರಿಯಲ್ಲಿ ಕಳೆದುಹೋಗುವುದನ್ನು ಕಂಡು, ಅಲ್ಲಿನ ಆರೋಗ್ಯ ಸೇವೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2016ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು: ತಯಾರಿ 13-14ರ ವಯಸ್ಸಿನಲ್ಲೇ ಆರಂಭವಾಗಬೇಕು, ಹೆಸರಿಸಿದ ಒಬ್ಬ ಕಾರ್ಯಕರ್ತರು ವರ್ಗಾವಣೆಗೆ ಕನಿಷ್ಠ ಆರು ತಿಂಗಳ ಮೊದಲಿನಿಂದ, ಆದ ಮೇಲೂ ಆರು ತಿಂಗಳ ತನಕ ಜೊತೆಗಿರಬೇಕು ಎಂದು. ನಮ್ಮ ಕ್ಲಿನಿಕ್ಕಿನಲ್ಲಿ ಹತ್ತರ ಹುಡುಗನನ್ನೂ ಎಪ್ಪತ್ತರ ಅಜ್ಜಿಯನ್ನೂ ಅದೇ ವೈದ್ಯರು ನೋಡುವುದರಿಂದ ಆ ಬಾಗಿಲು ನಮಗಿಲ್ಲ. ಆದರೆ ಗೆರೆ ಇಲ್ಲವೆಂದಲ್ಲ: ಮದ್ದಿನ ಡಬ್ಬಿ ಅಮ್ಮನ ಕೈಯಿಂದ ಮಕ್ಕಳ ಕೈಗೆ ಹೋಗುವ ಗೆರೆ ಇದೆ, ಕಾನೂನಿನ ಗೆರೆಯೂ ಇದೆ.

ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಂದು ಜಾರಿಗೆ ಬಂದಿತು. ಅದರ ಪ್ರಕಾರ ಹದಿನೆಂಟು ತುಂಬದವರಿಗೆ ಕಾನೂನುಬದ್ಧ ಪೋಷಕರೇ ‘ನಾಮನಿರ್ದೇಶಿತ ಪ್ರತಿನಿಧಿ’, ಎಂದರೆ ಚಿಕಿತ್ಸೆಯ ನಿರ್ಧಾರಗಳಲ್ಲಿ ರೋಗಿಯ ಪರವಾಗಿ ನಿಲ್ಲುವವರು. ಹದಿನೆಂಟು ತುಂಬಿದ ದಿನದಿಂದ ಆ ಪ್ರತಿನಿಧಿ ಯಾರೆಂಬುದನ್ನು ಆಯ್ಕೆ ಮಾಡುವ ಹಕ್ಕು ಆ ಯುವಕ ಅಥವಾ ಯುವತಿಯದ್ದು. ಇದಕ್ಕೆ ಛಾಪಾ ಕಾಗದವೂ ಬೇಡ, ವಕೀಲರೂ ಬೇಡ. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಹಾಗೆ ಹೆತ್ತವರಲ್ಲೊಬ್ಬರನ್ನು ಹೆಸರಿಸಿದ್ದರೆ ವೈದ್ಯರು ಅವರೊಡನೆ ಚಿಕಿತ್ಸೆಯ ಕುರಿತು ಮಾತನಾಡಲು ಅಡ್ಡಿಯಿಲ್ಲ. ಹೆಸರಿಸದೆ ಇದ್ದರೆ ಗೋಪ್ಯತೆಯ ನಿಯಮವನ್ನು ನೆನೆದು ವೈದ್ಯರು ಹಿಂಜರಿಯಬಹುದು. ‘ಡಾಕ್ಟರು ಮಾತನಾಡುವುದಿಲ್ಲ’ ಎಂಬ ದೂರಿನ ಹಿಂದಿರುವುದು ಇಷ್ಟೇ. ಹುಟ್ಟಿದ ದಿನದ ಆಸುಪಾಸಿನ ಕ್ಲಿನಿಕ್ ದಿನದಲ್ಲಿ ಈ ಕೆಲಸ ಮುಗಿಸಿ, ಒಂದು ಪ್ರತಿಯನ್ನು ಚೀಟಿಯ ಜೊತೆಗಿಡಿ.

ಮಗ ಅಪ್ಪನನ್ನು ಬಿಟ್ಟು ಸೋದರತ್ತೆಯನ್ನು ಹೆಸರಿಸಿದರೆ ಮನೆಯಲ್ಲಿ ಮುಖ ಸಣ್ಣದಾಗುತ್ತದೆ. ಆಗಲಿ; ಜಗಳ ಮಾಡಬೇಡಿ. ಅವನು ಯಾರಲ್ಲಿ ಬಾಯಿಬಿಟ್ಟು ಹೇಳುತ್ತಾನೋ ಅವರೇ ಆ ಸ್ಥಾನಕ್ಕೆ ಸರಿಯಾದವರು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರಿಬ್ರಲ್ ಪಾಲ್ಸಿ ಅಥವಾ ಬಹು ಅಂಗವೈಕಲ್ಯ ಇರುವವರಿಗೆ ಹದಿನೆಂಟರ ನಂತರ ಪೋಷಕರನ್ನು ನೇಮಿಸುವ ಬೇರೆಯೇ ವ್ಯವಸ್ಥೆ ಇದೆ: 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಎಂಡೋಸಲ್ಫಾನ್ ಬಾಧಿತ ಪಂಚಾಯತುಗಳ ಅನೇಕ ಮನೆಗಳಿಗೆ ಬೇಕಾದದ್ದು ಈ ದಾರಿ. ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಗಳಿಗೆ ಇದು ಅನ್ವಯಿಸುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಸಿವಿಲ್ ಸ್ಟೇಷನ್ನಿಗೆ ಅಲೆಯುವವರಿದ್ದಾರೆ.

ಹಂತ 3: ಮದ್ದಿನ ಲೆಕ್ಕ

ಈ ಹಂತದಲ್ಲಿ ಅವಸರ ಮಾಡಬೇಡಿ. ಬಿಡುಗಡೆಯಾದ ಮೇಲೆ ಮರಳಿ ಬರುವವರಲ್ಲಿ ಅನೇಕರು ಮದ್ದನ್ನು ಒಮ್ಮೆಲೇ ನಿಲ್ಲಿಸಿದವರಾಗಿರುತ್ತಾರೆ.

ಖಿನ್ನತೆಯ ಮದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನಗಳೊಳಗೆ ತಲೆ ತಿರುಗುವುದು, ವಾಕರಿಕೆ, ಸಿಡುಕು, ನಿದ್ದೆಗೇಡು, ತಲೆಯಲ್ಲಿ ವಿದ್ಯುತ್ ಹರಿದಂಥ ಅನುಭವ ಕಾಣಿಸಿಕೊಳ್ಳಬಹುದು. ಇದು ರೋಗ ಮರಳಿದ್ದಲ್ಲ, ಮದ್ದು ನಿಂತದ್ದರ ಪರಿಣಾಮ. ಮನೆಯವರು ಇದನ್ನು ಕಂಡು ‘ಈ ಮದ್ದು ಚಟ ಹಿಡಿಸಿದೆ’ ಎಂದು ಹೆದರುವುದೂ, ರೋಗಿಯೇ ‘ನಾನು ಇನ್ನೆಂದೂ ಸರಿಯಾಗಲಾರೆ’ ಎಂದು ಕುಗ್ಗುವುದೂ ಉಂಟು. ವಾರಗಳ ಅಥವಾ ತಿಂಗಳುಗಳ ಅವಧಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪ್ರಮಾಣ ಇಳಿಸಿದರೆ ಈ ತೊಂದರೆ ಬಹಳ ಕಡಿಮೆ. ಕ್ಲೋನಜೆಪಾಮ್‌ನಂಥ ಆತಂಕ-ನಿದ್ದೆಯ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಅಪಸ್ಮಾರದಂಥ ಸೆಳೆತ ಬರುವ ಅಪಾಯವಿದೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಥಟ್ಟನೆ ನಿಂತರೆ ಉನ್ಮಾದ ಮರುಕಳಿಸುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಯಾವ ವಾರ ಎಷ್ಟು ಮಾತ್ರೆ ಎಂಬ ಇಳಿಕೆಯ ಪಟ್ಟಿಯನ್ನು ವೈದ್ಯರಿಂದಲೇ ಬರೆಸಿಕೊಂಡು, ನೋಟುಪುಸ್ತಕದಲ್ಲಿ ದಿನಾಂಕ ಹಾಕಿ ಕನ್ನಡದಲ್ಲಿ ಪ್ರತಿ ಮಾಡಿಕೊಳ್ಳಿ.

ಮದ್ದು ಮುಂದುವರಿಯುವವರಿಗೆ ಕೆಲವು ವಿಶೇಷ ಎಚ್ಚರಿಕೆಗಳಿವೆ. ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ನೋಡಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಬೆವರಿ ನೀರು ಕಡಿಮೆಯಾದರೂ, ವಾಂತಿಭೇದಿಯಾದರೂ, ಮೈಕೈ ನೋವಿಗೆಂದು ಐಬುಪ್ರೊಫೆನ್ ಜಾತಿಯ ಮಾತ್ರೆ ನುಂಗಿದರೂ ಆ ಮಟ್ಟ ಏರಿ ವಿಷವಾಗಬಹುದು. ಬೈಪೋಲಾರ್ ಕಾಯಿಲೆಗೆ ಕೊಡುವ ಇನ್ನೊಂದು ಮದ್ದಾದ ವಾಲ್ಪ್ರೊಯೇಟ್ ತೆಗೆದುಕೊಳ್ಳುವ ಹುಡುಗಿಯರ ವಿಷಯದಲ್ಲಿ, ಅದು ಗರ್ಭದಲ್ಲಿರುವ ಶಿಶುವಿಗೆ ಹಾನಿಮಾಡುವ ಮದ್ದೆಂಬುದನ್ನು ಮದುವೆಯ ಮಾತು ಬರುವುದಕ್ಕೂ ಮೊದಲೇ ವೈದ್ಯರೊಡನೆ ಚರ್ಚಿಸಬೇಕು. ಸಂಕೋಚದಿಂದ ಮುಂದೂಡುವ ವಿಷಯ ಇದಲ್ಲ. ಸ್ಕಿಜೋಫ್ರೇನಿಯಕ್ಕೆ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುವವರ ಬಿಳಿ ರಕ್ತಕಣಗಳ ಎಣಿಕೆ ಗೊತ್ತುಪಡಿಸಿದ ಅಂತರದಲ್ಲಿ ತಪ್ಪದೆ ನಡೆಯಬೇಕು. ಗಮನಕೊರತೆಗೆ, ಅಂದರೆ ಎಡಿಎಚ್‌ಡಿಗೆ, ಕೊಡುವ ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಪಟ್ಟಿಯ ಮದ್ದು: ಎರಡು ಪ್ರತಿಯ ಚೀಟಿ ಬೇಕು, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ವೈದ್ಯರು ಫೋನಿನಲ್ಲಿ ನೋಡಿ ಬರೆದುಕೊಡಲು ಟೆಲಿಮೆಡಿಸಿನ್ ನಿಯಮ ಒಪ್ಪುವುದಿಲ್ಲ. ಹೊಸ ಊರಿಗೆ ಹೋಗುವ ಮೊದಲೇ ಅಲ್ಲಿ ಅದು ಸಿಗುವ ಅಂಗಡಿಯನ್ನು ಹುಡುಕಿಟ್ಟುಕೊಳ್ಳಿ.

ಹಂತ 4: ಕಾಗದ

ಡಿಸ್ಚಾರ್ಜ್ ಸಮ್ಮರಿ ಎಂದರೆ ರೋಗ ಯಾವುದು, ಯಾವ ಚಿಕಿತ್ಸೆ ನಡೆಯಿತು, ಮುಂದೇನು ಎಂಬುದನ್ನು ತಿಳಿಸುವ ಸಾರಾಂಶ. 2017ರ ಕಾಯಿದೆಯ 98ನೇ ಸೆಕ್ಷನ್ ಬಿಡುಗಡೆಯ ಯೋಜನೆಯ ಬಗ್ಗೆ ಸ್ಪಷ್ಟವಾಗಿದೆ: ರೋಗಿಯನ್ನು ಮನೆಗೆ ಕಳುಹಿಸುವಾಗಲೂ, ಬೇರೆ ಸಂಸ್ಥೆಗೆ ಒಪ್ಪಿಸುವಾಗಲೂ, ಹೊಸ ಮನೋವೈದ್ಯರು ಹೊಣೆ ಹೊರುವಾಗಲೂ, ಈವರೆಗೆ ನೋಡಿಕೊಂಡ ಮನೋವೈದ್ಯರು ರೋಗಿ, ನಾಮನಿರ್ದೇಶಿತ ಪ್ರತಿನಿಧಿ, ರೋಗಿ ಯಾರೊಡನೆ ವಾಸಿಸುತ್ತಾರೋ ಆ ಮನೆಯವರು, ಮುಂದೆ ನೋಡಿಕೊಳ್ಳಲಿರುವ ವೈದ್ಯರು ಇವರೆಲ್ಲರೊಡನೆ ಸಮಾಲೋಚಿಸಿ ಯೋಜನೆ ರೂಪಿಸಬೇಕು. ಈ ಸೆಕ್ಷನ್ ಬರೆದಿರುವುದು ರೋಗಿಗಳನ್ನು ಸೇರಿಸಿಕೊಳ್ಳುವ ಸಂಸ್ಥೆಗಳನ್ನು ಕುರಿತು. ಆದರೂ ತಿಂಗಳ ಕ್ಲಿನಿಕ್ಕಿನಲ್ಲಿ ಏನು ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ತನ್ನ ಪ್ರಾಥಮಿಕ ವೈದ್ಯಕೀಯ ದಾಖಲೆಯನ್ನು ನೋಡಿ ಪಡೆಯುವ ಹಕ್ಕನ್ನು ಇದೇ ಕಾಯಿದೆಯ 25ನೇ ಸೆಕ್ಷನ್ ರೋಗಿಗೆ ಕೊಟ್ಟಿದೆ.

ಸಾರಾಂಶದಲ್ಲಿ ರೋಗದ ಹೆಸರು, ಈಗಿನ ಮದ್ದಿನ ಮೂಲ ಹೆಸರು ಮತ್ತು ಪ್ರಮಾಣ, ಒಗ್ಗದ ಮದ್ದು, ಕೊನೆಯ ರಕ್ತಪರೀಕ್ಷೆಯ ದಿನಾಂಕ, ಹಿಂದೆ ಎಂದಾದರೂ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಇತ್ತೇ ಎಂಬುದು, ಮುಂದಿನ ಭೇಟಿ ಯಾರಲ್ಲಿ, ಯಾವ ದಿನ ಎಂಬುದು ಇರಲೇಬೇಕು. ಮದ್ದಿನ ಕಂಪೆನಿ ಹೆಸರು ಮಾತ್ರ ಇದ್ದರೆ ಮೂಲ ಹೆಸರನ್ನು ಬರೆಸಿಕೊಳ್ಳಿ, ಏಕೆಂದರೆ ಒಂದೇ ಮದ್ದು ಬೇರೆ ಬೇರೆ ಅಂಗಡಿಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ‘ಹತ್ತಿರದ ಆಸ್ಪತ್ರೆಯಲ್ಲಿ ತೋರಿಸುತ್ತಿರಿ’ ಎಂಬ ಸಾಲು ಕಂಡರೆ ಅಲ್ಲೇ ನಿಂತು ಕೇಳಿ: ಯಾವ ಆಸ್ಪತ್ರೆ, ಯಾರು, ಎಂದು? ಹತ್ತಿರದ ಆಸ್ಪತ್ರೆ ಎನ್ನುವುದು ಯಾರ ಹೆಸರೂ ಅಲ್ಲ.

ಭಾಷೆಯ ವಿಷಯಕ್ಕೆ ಬರೋಣ. ವೈದ್ಯರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಕೌಂಟರಿನಲ್ಲಿ ಮಲಯಾಳದಲ್ಲಿ ವಿವರಿಸುತ್ತಾರೆ, ಮನೆಯಲ್ಲಿ ಮಾತು ತುಳುವೋ ಹವ್ಯಕವೋ ಬ್ಯಾರಿಯೋ ಕೊಂಕಣಿಯೋ ಮರಾಟಿಯೋ ಆಗಿರುತ್ತದೆ, ಓದು ಕನ್ನಡ. ‘ಮನಸ್ಸಿಲಾಯೋ’ (ಅರ್ಥವಾಯಿತೇ) ಎಂದು ಕೇಳಿದಾಗ ಗೌರವಕ್ಕೆಂದು ತಲೆಯಾಡಿಸಿ ಹೊರಬಂದು ಬಾಗಿಲಲ್ಲಿ ಇನ್ನೊಬ್ಬರನ್ನು ಕೇಳುವುದು ನಮ್ಮ ಹಳೆಯ ಅಭ್ಯಾಸ. ಅದನ್ನು ಈ ಒಂದು ದಿನದ ಮಟ್ಟಿಗೆ ಬಿಡಿ. ಅರ್ಥವಾದದ್ದನ್ನು ನೀವೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಕೇಳಿ. ದಾಖಲೆ ಬೇಕೆಂದು ಅರ್ಜಿ ಕೊಡುವುದಾದರೆ ಕನ್ನಡದಲ್ಲೇ ಬರೆಯಬಹುದು: 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಆದರೆ ವೈದ್ಯರ ಸಾರಾಂಶವನ್ನು ಕನ್ನಡದಲ್ಲೇ ಕೊಡಿ ಎಂದು ಹಟ ಹಿಡಿಯುವುದನ್ನು ನಾನು ಸಲಹೆ ಮಾಡುವುದಿಲ್ಲ. ಗಡಿಯಾಚೆಯ ವೈದ್ಯರಿಗೂ ಈಚೆಯವರಿಗೂ ಓದಲು ಬರುವುದು ಇಂಗ್ಲಿಷ್ ಪ್ರತಿಯೇ. ಮನೆಗೆ ಬೇಕಾದ ಸೂಚನೆಗಳು ಮಾತ್ರ ನಿಮ್ಮ ನೋಟುಪುಸ್ತಕದಲ್ಲಿ ಕನ್ನಡದಲ್ಲಿರಲಿ.

ಹಂತ 5: ಗಡಿ ದಾಟಿ ಓದಲು ಹೋಗುವವರಿಗೆ

ತಲಪಾಡಿ ದಾಟಿದರೆ ರಾಜ್ಯ ಬದಲಾಗುತ್ತದೆ, ಅದರೊಡನೆ ಸರಕಾರಿ ಸೇವೆಯ ವ್ಯವಸ್ಥೆಯೂ ಬದಲಾಗುತ್ತದೆ. ಕಾಸರಗೋಡಿನ ಕ್ಲಿನಿಕ್ಕಿನಲ್ಲಿ ತಿಂಗಳು ತಿಂಗಳು ಉಚಿತವಾಗಿ ಸಿಗುತ್ತಿದ್ದ ಮದ್ದು ಮಂಗಳೂರಿನ ಆಸ್ಪತ್ರೆಗೆ ತಾನಾಗಿ ವರ್ಗವಾಗುವುದಿಲ್ಲ. ಅಲ್ಲಿ ಹೊಸದಾಗಿ ನೋಂದಾಯಿಸಿಕೊಳ್ಳಬೇಕು. ಖಾಸಗಿ ಅಂಗಡಿಯಲ್ಲಿ ಮಾತ್ರ ಕೇರಳದ ವೈದ್ಯರ ಚೀಟಿ ನಡೆಯುತ್ತದೆ, ಏಕೆಂದರೆ ನೋಂದಾಯಿತ ವೈದ್ಯರ ಚೀಟಿಗೆ ರಾಜ್ಯದ ಗಡಿ ಇಲ್ಲ.

ನಿಮ್ಮ ಮುಂದೆ ಎರಡು ದಾರಿಗಳಿವೆ. ವಾರಾಂತ್ಯಕ್ಕೆ ಮನೆಗೆ ಬರುವಷ್ಟು ಹತ್ತಿರದಲ್ಲಿದ್ದರೆ ಊರಿನ ಕ್ಲಿನಿಕ್ಕನ್ನೇ ಮುಂದುವರಿಸಬಹುದು. ಆದರೆ ಕ್ಲಿನಿಕ್ಕಿನ ದಿನ ಕಾಲೇಜಿನ ಪಾಠದ ದಿನವೇ ಆಗಿರುತ್ತದೆ ಎಂಬುದನ್ನು ಮರೆಯಬೇಡಿ. ಮೂರನೆಯ ತಿಂಗಳಿಗೆ ‘ಹಾಜರಿ ಕಡಿಮೆಯಾಗುತ್ತದೆ’ ಎಂಬ ಕಾರಣ ಬರುತ್ತದೆ, ಅಮ್ಮ ಒಬ್ಬರೇ ಹೋಗಿ ಮದ್ದು ತರಲು ಶುರುಮಾಡುತ್ತಾರೆ, ಆರು ತಿಂಗಳಾಗುವಾಗ ವೈದ್ಯರು ರೋಗಿಯ ಮುಖವನ್ನೇ ನೋಡಿರುವುದಿಲ್ಲ. ದೂರದ ಊರಾದರೆ, ಅಥವಾ ಹೀಗಾಗುವ ಲಕ್ಷಣ ಕಂಡರೆ, ಹಸ್ತಾಂತರವೇ ಸರಿ. ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳಿವೆ. ಕರ್ನಾಟಕದ ಇತರ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆಯುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಕೋಝಿಕ್ಕೋಡಿನ ಮಾನಸಿಕ ಆರೋಗ್ಯ ಸಂಸ್ಥೆ ಇಮ್ಹಾನ್ಸ್ ಇದೆ. ಯಾವುದೇ ಆಗಲಿ, ಹೊಸ ಕಡೆಯ ಮೊದಲ ಭೇಟಿ ಮುಗಿಯುವ ತನಕ ಹಳೆಯ ಕ್ಲಿನಿಕ್ಕಿನ ಹೆಸರನ್ನು ತೆಗೆಸಬೇಡಿ.

ಕೈಯಲ್ಲಿ ಯಾವಾಗಲೂ ಕನಿಷ್ಠ ಎರಡು ವಾರದ ಮದ್ದು ಹೆಚ್ಚಿಗಿರುವಂತೆ ವೈದ್ಯರೊಡನೆ ಮಾತನಾಡಿಕೊಳ್ಳಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಈ ಕಡೆಯವರ ಪಾಡು ಏನಾಯಿತೆಂದು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಹಿಂದೆ ಆತ್ಮಹತ್ಯೆಯ ಪ್ರಯತ್ನ ನಡೆದಿದ್ದ ಮನೆಯಲ್ಲಿ ಮಾತ್ರ ಈ ಹೆಚ್ಚುವರಿ ಮದ್ದು ಇನ್ನೊಬ್ಬರ ಬೀಗದಲ್ಲಿರಬೇಕು.

ಕಾಲೇಜಿಗೆ, ಹಾಸ್ಟೆಲಿಗೆ ಏನು ಹೇಳಬೇಕು? ರೋಗದ ಹೆಸರು ಹೇಳಬೇಕಾಗಿಲ್ಲ. ‘ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು, ರಾತ್ರಿ ಮದ್ದಿದೆ, ತಡರಾತ್ರಿಯ ತನಕ ಎಚ್ಚರವಿರುವಂತಿಲ್ಲ’ ಎಂಬಷ್ಟು ಸಾಕು. ಒಬ್ಬ ಅಧ್ಯಾಪಕರಿಗೋ ವಾರ್ಡನ್ನಿಗೋ ಇನ್ನೂ ಹೆಚ್ಚು ತಿಳಿಸುವುದಿದ್ದರೆ, ಯಾರಿಗೆ, ಎಷ್ಟು ಎಂಬುದನ್ನು ಮಕ್ಕಳೇ ನಿರ್ಧರಿಸಲಿ. ಹೆತ್ತವರು ಮಕ್ಕಳಿಗೆ ತಿಳಿಸದೆ ಫೋನು ಮಾಡಿ ಹೇಳಿದ್ದು ಒಂದು ದಿನ ಅವರ ಕಿವಿಗೆ ಬಿದ್ದೇ ಬೀಳುತ್ತದೆ. ಆಮೇಲೆ ಅವರು ಮನೆಯಲ್ಲೂ ಏನನ್ನೂ ಹೇಳುವುದಿಲ್ಲ.

ಹಂತ 6: ಮುನ್ಸೂಚನೆಗಳ ಪಟ್ಟಿ

ಮರುಕಳಿಕೆ ಎಂದರೆ ಗುಣವಾದ ರೋಗ ಮತ್ತೆ ತಲೆಯೆತ್ತುವುದು. ಅದು ಬರುವ ಮೊದಲು ಪ್ರತಿಯೊಬ್ಬರಲ್ಲೂ ಅವರದೇ ಆದ ಗುರುತುಗಳು ಕಾಣಿಸುತ್ತವೆ, ಅವು ಬಹಳ ಸಾಮಾನ್ಯವೂ ಆಗಿರುತ್ತವೆ: ರಾತ್ರಿ ಎರಡು ಗಂಟೆಯ ತನಕ ದೀಪ ಉರಿಯುವುದು, ಸ್ನಾನ ತಪ್ಪುವುದು, ಕಟ್ಟೆಯಲ್ಲಿ ಗೆಳೆಯರೊಡನೆ ಕೂರುತ್ತಿದ್ದವನು ಕೋಣೆಯಿಂದ ಹೊರಬಾರದಿರುವುದು, ಮಿತವಾಗಿ ಮಾತನಾಡುತ್ತಿದ್ದವಳು ಬಿಡುವಿಲ್ಲದೆ ಮಾತನಾಡುವುದು, ಕೈಯಲ್ಲಿದ್ದ ಹಣವೆಲ್ಲ ಒಂದೇ ದಿನ ಖರ್ಚಾಗುವುದು. ಹಿಂದಿನ ಬಾರಿ ಹುಷಾರು ತಪ್ಪುವ ಮೊದಲಿನ ಎರಡು ವಾರ ಹೇಗಿತ್ತೆಂದು ಎಲ್ಲರೂ ಕುಳಿತು ನೆನಪಿಸಿಕೊಂಡು ಮೂರೋ ನಾಲ್ಕೋ ಗುರುತುಗಳನ್ನು ಬರೆಯಿರಿ. ಮೊದಲ ಗುರುತನ್ನು ಮಕ್ಕಳೇ ಬರೆಯಲಿ. ಹೆತ್ತವರು ಮಾತ್ರ ಬರೆದ ಪಟ್ಟಿ ಕಾವಲಿನಂತೆ ಕಾಣುತ್ತದೆ, ಪ್ರತಿ ಜಗಳದಲ್ಲೂ ‘ಮದ್ದು ನುಂಗಿದ್ದೀಯಾ’ ಎಂಬ ಪ್ರಶ್ನೆಯಾಗಿ ಹೊರಬರುತ್ತದೆ. ಹದಿಹರೆಯದವರಿಗೆ ಸಿಟ್ಟು ಬರುವುದೆಲ್ಲ ರೋಗವಲ್ಲ.

ಎರಡು ಗುರುತುಗಳು ಒಂದು ವಾರ ನಿಂತರೆ ಕ್ಲಿನಿಕ್ಕಿನ ದಿನಕ್ಕಾಗಿ ಕಾಯದೆ ತಂಡಕ್ಕೆ ತಿಳಿಸಬೇಕು. ನಿಮ್ಮ ಕುಟುಂಬ ಆರೋಗ್ಯ ಕೇಂದ್ರದ ನರ್ಸ್ ಅಥವಾ ಆಶಾ ಕಾರ್ಯಕರ್ತೆಯ ಮೂಲಕವೂ ತಿಳಿಸಬಹುದು. ಆಶಾ ಅಕ್ಕನಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆಂಬ ಭಯವಿದ್ದರೆ ಕ್ಲಿನಿಕ್ಕಿನ ಸಮಾಜ ಕಾರ್ಯಕರ್ತರಿಗೇ ನೇರವಾಗಿ ಫೋನು ಮಾಡಿ. ಸಾಯುವ ಮಾತು ಬಂದರೆ ಗುರುತು ಎಣಿಸುತ್ತ ಕೂರಬೇಡಿ. ಅದೇ ದಿನ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ಒಬ್ಬರು ಜೊತೆಯಲ್ಲೇ ಇರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಭಾಷೆಯನ್ನೂ ಆರಿಸಿಕೊಳ್ಳಬಹುದು. ಕೇರಳದ ದಿಶಾ ಸಹಾಯವಾಣಿ 1056. ಹದಿನೆಂಟರ ಒಳಗಿನವರಿಗೆ 1098. ಈ ಸಂಖ್ಯೆಗಳು ಗೋಡೆಯಲ್ಲಿದ್ದರೆ ಸಾಲದು, ಮಕ್ಕಳ ಫೋನಿನಲ್ಲೂ ಇರಬೇಕು.

ಅಡಿಕೆ ತೋಟದ ಮನೆಗಳಿಗೆ ಒಂದು ಮಾತು. ಮನೆಯಲ್ಲಿರುವ ಕೀಟನಾಶಕ, ಕಳೆನಾಶಕಗಳನ್ನು ಕೊಟ್ಟಿಗೆಯ ಮೂಲೆಯಲ್ಲಿಡದೆ ಬೀಗ ಹಾಕಿಡಿ, ಕೀಲಿ ಒಬ್ಬರ ಕೈಯಲ್ಲಿರಲಿ. ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆಂದು ಉಳಿಸಿಕೊಳ್ಳಬೇಡಿ. ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ವಾರ ಮತ್ತು ಮೊದಲ ತಿಂಗಳು ಹೆಚ್ಚು ಅಪಾಯದ ಕಾಲ. ಒಳರೋಗಿಯಾಗಿದ್ದವರ ಮೊದಲ ಮರುಭೇಟಿ ಒಂದು ವಾರದೊಳಗೇ ಆಗುವಂತೆ ಬಿಡುಗಡೆಯ ದಿನವೇ ದಿನಾಂಕ ಪಡೆಯಿರಿ.

ಹಂತ 7: ಮರಳಿ ಬರುವ ದಾರಿ

ಕೊನೆಯ ಭೇಟಿಯ ದಿನ ಕೇಳಬೇಕಾದ ಪ್ರಶ್ನೆ ಒಂದೇ: ಮತ್ತೆ ಬೇಕಾದರೆ ಹೇಗೆ ಬರಬೇಕು? ಹೊಸದಾಗಿ ಚೀಟಿ ಮಾಡಿಸಬೇಕೇ, ಹಳೆಯ ಸಂಖ್ಯೆ ಸಾಕೇ, ಯಾರಿಗೆ ಫೋನು ಮಾಡಬೇಕು, ಯಾವ ಹೊತ್ತಿಗೆ? ಉತ್ತರವನ್ನು ಸಾರಾಂಶದ ಹಿಂಬದಿಯಲ್ಲೇ ಬರೆಸಿಕೊಳ್ಳಿ. ಪೂರ್ತಿ ಗುಣವಾಗಿ ಬಿಡುಗಡೆಯಾದವರೂ ಮೂರು ತಿಂಗಳ ಬಳಿಕ ಒಮ್ಮೆ, ಆರು ತಿಂಗಳ ಬಳಿಕ ಒಮ್ಮೆ ಬಂದು ಹೋಗುವ ದಿನಾಂಕ ಪಡೆಯುವುದು ಒಳ್ಳೆಯದು. ಚೆನ್ನಾಗಿದ್ದರೂ ಹೋಗಬೇಕು, ಹೇಗೆ ಮಲಗುತ್ತಾರೆ, ಏನು ಓದುತ್ತಾರೆ ಎಂದು ವೈದ್ಯರು ಒಮ್ಮೆ ನೋಡಿರುವುದು ಮುಂದೊಂದು ದಿನ ತೊಂದರೆಯಾದಾಗ ಹೋಲಿಸಲು ಬೇಕಾಗುತ್ತದೆ.

ಸಾರಾಂಶದ ಮೂಲ ಪ್ರತಿ ಮನೆಯ ಕಪಾಟಿನಲ್ಲಿ ಆಧಾರ್ ಇರುವ ಲಕೋಟೆಯಲ್ಲಿರಲಿ, ಒಂದು ನಕಲು ಮಕ್ಕಳ ಚೀಲದಲ್ಲಿ, ಒಂದು ಚಿತ್ರ ಅವರ ಫೋನಿನಲ್ಲಿ. ಮನೆಯ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಅಲ್ಲಿ ಚಿಕ್ಕಪ್ಪಂದಿರೂ ಅತ್ತೆಯಂದಿರೂ ಇದ್ದಾರೆ.